ವಕೀಲರಿಂದ ಮನೆ ಖಾಲಿ ಮಾಡಿ ಅಂತ ನೋಟಿಸ್ ಬಂದಿದೆ, ಏನು ಮಾಡಬೇಕು?

ಲಗ್ಗೆರೆ_ಬಾಡಿಗೆಮನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಲಗ್ಗೆರೆಯಲ್ಲಿ ಬಾಡಿಗೆಗೆ ಇದ್ದೇವೆ. ನಿನ್ನೆ ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಂಡು ಒಂದು ಕವರ್ ಕೊಟ್ಟು ಹೋದರು. ಒಳಗೆ ಓನರ್ ಕಡೆಯ ವಕೀಲರ ನೋಟಿಸ್. 15 ದಿನದೊಳಗೆ ಮನೆ ಖಾಲಿ ಮಾಡಿ ಕೀ ಕೊಡಬೇಕು, ಇಲ್ಲದಿದ್ದರೆ ಕೋರ್ಟಿಗೆ ಹೋಗುತ್ತೇವೆ, ಅಲ್ಲಿಂದ ಮುಂದೆ ತಿಂಗಳಿಗೆ ಬಾಡಿಗೆಯ ಎರಡರಷ್ಟು ಪರಿಹಾರ ಕೊಡಬೇಕಾಗುತ್ತದೆ ಎಂದು ಬರೆದಿದ್ದಾರೆ.

ನಮ್ಮ 11 ತಿಂಗಳ ಅಗ್ರಿಮೆಂಟ್ ಹೋದ ವರ್ಷವೇ ಮುಗಿದಿದೆ. ಹೊಸದು ಮಾಡಿಕೊಳ್ಳಲಿಲ್ಲ. ಬಾಡಿಗೆ 15,000, ಪ್ರತಿ ತಿಂಗಳು ಫೋನ್‌ಪೇಯಲ್ಲಿ ಹಾಕಿದ್ದೇವೆ, ಒಂದು ತಿಂಗಳೂ ಬಾಕಿ ಇಲ್ಲ. ಅಡ್ವಾನ್ಸ್ ಒಂದೂವರೆ ಲಕ್ಷ ಅವರ ಹತ್ತಿರ ಇದೆ. ನೋಟಿಸ್‌ನಲ್ಲಿ ಅಡ್ವಾನ್ಸ್ ಬಗ್ಗೆ ಒಂದು ಅಕ್ಷರವೂ ಇಲ್ಲ. ಓನರ್ ಮಾತ್ರ ಕೆಳಗೆ ಸಿಕ್ಕಾಗ "16ನೇ ದಿನ ನಾನೇ ಬೀಗ ಹಾಕ್ತೀನಿ" ಅಂದರು. ಮಗಳು ಎಸ್ಸೆಸ್ಸೆಲ್ಸಿ. ಪರೀಕ್ಷೆ ಮುಗಿಯುವವರೆಗೆ ಇರಲು ಬಿಟ್ಟರೆ ಸಾಕು ನಮಗೆ. ನಿಜವಾಗಿ ಬೀಗ ಹಾಕಬಹುದಾ? ಪೊಲೀಸರು ಬರ್ತಾರಾ?

ವಕೀಲೆ_ತುಮಕೂರು

ಬೀಗ ಹಾಕುವ ಹಾಗಿಲ್ಲ. ಇದನ್ನು ಮೊದಲು ಮನೆಯವರಿಗೆಲ್ಲ ಹೇಳಿ, ಇವತ್ತು ರಾತ್ರಿ ನಿದ್ದೆಯಾದರೂ ಬರಲಿ.

ಈಗ ಬಂದಿರುವುದು ಓನರ್ ತಮ್ಮ ವಕೀಲರ ಕೈಯಲ್ಲಿ ಬರೆಸಿದ ಕಾಗದ. ಕೋರ್ಟ್ ಇನ್ನೂ ಈ ವಿಷಯ ನೋಡಿಯೇ ಇಲ್ಲ. 15 ದಿನ ಕಳೆದರೆ ಅವರಿಗೆ ದಾವೆ ಹೂಡುವ ಹಕ್ಕು ಬರುತ್ತದೆ, ಅಷ್ಟೇ. ದಾವೆ ನಡೆದು, ಡಿಕ್ರಿ (ಕೋರ್ಟಿನ ಅಂತಿಮ ತೀರ್ಪಿನ ಆದೇಶ) ಆಗಿ, ಅದನ್ನು ಜಾರಿ ಮಾಡಲು ಕೋರ್ಟಿನ ಅಮೀನರು ವಾರಂಟ್ ಹಿಡಿದು ಬಂದಾಗ ಮಾತ್ರ ನಿಮ್ಮನ್ನು ಹೊರಗೆ ಕಳಿಸಬಹುದು. ಸುಪ್ರೀಂ ಕೋರ್ಟ್ 1989ರಲ್ಲಿ ಕೃಷ್ಣರಾಮ್ ಮಹಾಲೆ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಸ್ವಾಧೀನದಲ್ಲಿ ನೆಲೆಯಾಗಿ ಇರುವವನಿಗೆ ಅಲ್ಲಿರುವ ಹಕ್ಕು ಮುಗಿದಿದೆ ಅಂತಲೇ ಇಟ್ಟುಕೊಂಡರೂ, ಮಾಲೀಕ ಕಾನೂನಿನ ದಾರಿಯಲ್ಲೇ ಅವನನ್ನು ಬಿಡಿಸಬೇಕು.

15 ದಿನ ಎಲ್ಲಿಂದ ಬಂತು? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್‌ನಿಂದ. ತಿಂಗಳ ಬಾಡಿಗೆಯ ಮನೆಗೆ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ದಿನ ಎಣಿಸುವುದು ನೋಟಿಸ್ ನಿಮ್ಮ ಕೈಗೆ ಬಂದ ದಿನದಿಂದ, ಅವರು ಟೈಪ್ ಮಾಡಿದ ದಿನದಿಂದ ಅಲ್ಲ. ಹಾಗಾಗಿ ಆ ಕವರ್ ಬಿಸಾಡಬೇಡಿ, ಅಂಚೆ ಮುದ್ರೆ ಸಮೇತ ಇಟ್ಟುಕೊಳ್ಳಿ.

ಆಮೇಲೆ ನಿಮ್ಮ ಹಳೇ ಅಗ್ರಿಮೆಂಟ್ ತೆಗೆದು ನೋಡಿ. ಕಾಯ್ದೆಯ 15 ದಿನ ಅನ್ನುವುದು ಬೇರೆ ಒಪ್ಪಂದ ಇಲ್ಲದಿದ್ದಾಗ. ಬೆಂಗಳೂರಿನ ಎಷ್ಟೋ ಅಗ್ರಿಮೆಂಟ್‌ಗಳಲ್ಲಿ ಎರಡು ತಿಂಗಳು, ಮೂರು ತಿಂಗಳು ಅಂತ ಬರೆದಿರುತ್ತಾರೆ. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಂಡು ಒಪ್ಪಿಕೊಂಡಿದ್ದರಿಂದ ನಿಮ್ಮದು ತಿಂಗಳಿಂದ ತಿಂಗಳಿಗೆ ಮುಂದುವರಿದ ಬಾಡಿಗೆ. ಆ ಹಳೇ ಷರತ್ತು ಈಗಲೂ ಲಾಗೂ ಆಗುತ್ತದೆ ಅಂತ ವಾದಿಸಲು ಜಾಗ ಇದೆ. ನಿಮ್ಮದರಲ್ಲಿ ಎಷ್ಟು ಅಂತ ಬರೆದಿದೆ?

ಲಗ್ಗೆರೆ_ಬಾಡಿಗೆಮನೆ

ಈಗ ನೋಡಿದೆ ಮೇಡಂ. "ಉಭಯತ್ರರಲ್ಲಿ ಯಾರೇ ಆಗಲಿ ಎರಡು ತಿಂಗಳ ಮುಂಚೆ ಲಿಖಿತ ನೋಟಿಸ್ ಕೊಡಬೇಕು" ಅಂತ ಇದೆ. ಅಡ್ವಾನ್ಸ್ "ಮನೆ ಖಾಲಿ ಮಾಡುವ ಸಮಯದಲ್ಲಿ ಬಡ್ಡಿಯಿಲ್ಲದೆ ಹಿಂದಿರುಗಿಸುವುದು" ಅಂತಲೂ ಇದೆ.

ವಕೀಲೆ_ತುಮಕೂರು

ತುಂಬಾ ಒಳ್ಳೆಯದಾಯಿತು. ಈ ಎರಡು ಸಾಲನ್ನೇ ಹಿಡಿದು ಉತ್ತರ ಕೊಡಿ. ಉತ್ತರ ಕೊಡದೆ ಮಾತ್ರ ಇರಬೇಡಿ. ಸುಮ್ನೆ ಕೂತರೆ ಆಮೇಲೆ ಕೋರ್ಟಿನಲ್ಲಿ "ನೋಟಿಸ್ ತಲುಪಿದರೂ ಒಂದು ಮಾತು ಆಡಲಿಲ್ಲ" ಅಂತ ನಿಮ್ಮ ಮೇಲೆಯೇ ಬರುತ್ತದೆ.

ಉತ್ತರದಲ್ಲಿ ಏನಿರಬೇಕು? ನೋಟಿಸ್ ಯಾವ ದಿನ ಸಿಕ್ಕಿತು. ಬಾಡಿಗೆ ಯಾವ ತಿಂಗಳವರೆಗೆ ಕೊಟ್ಟಿದ್ದೀರಿ, ಹೇಗೆ ಕೊಟ್ಟಿದ್ದೀರಿ. ಅಡ್ವಾನ್ಸ್ ಎಷ್ಟು, ಯಾವಾಗ ಕೊಟ್ಟಿದ್ದು. ಅಗ್ರಿಮೆಂಟ್ ಪ್ರಕಾರ ನೋಟಿಸ್ ಅವಧಿ ಎರಡು ತಿಂಗಳು. ಮಗಳ ಪರೀಕ್ಷೆ ಇರುವುದರಿಂದ ಇಂಥ ತಾರೀಖಿನವರೆಗೆ ಸಮಯ ಬೇಕು. ಅಡ್ವಾನ್ಸ್ ಪೂರ್ತಿ ಕೈಗೆ ಕೊಟ್ಟ ದಿನ ಕೀ ಕೊಡುತ್ತೇವೆ. ನೋಟಿಸ್‌ನಲ್ಲಿ ಸುಳ್ಳು ಇದ್ದರೆ, ಅಂದರೆ ಬಾಕಿ ಇದೆ, ಮನೆ ಹಾಳು ಮಾಡಿದ್ದಾರೆ ಅಂತೆಲ್ಲ ಇದ್ದರೆ, ಒಂದೊಂದನ್ನೂ ಹೆಸರಿಸಿ ಅಲ್ಲಗಳೆಯಬೇಕು. ಬಾಯಲ್ಲಿ ಬೀಗದ ಬೆದರಿಕೆ ಹಾಕಿದ್ದನ್ನೂ ತಾರೀಖು ಸಮೇತ ಬರೆಯಿರಿ. ವಕೀಲರ ಮೂಲಕ ಕಳಿಸಿದರೆ ಒಳ್ಳೆಯದು. ಆಗದಿದ್ದರೆ ನೀವೇ ಬರೆದು, ಓನರ್‌ಗೂ ಅವರ ವಕೀಲರಿಗೂ ರಸೀದಿ ಸಿಗುವ ಅಂಚೆಯಲ್ಲಿ ಕಳಿಸಿ. ವಾಟ್ಸಾಪ್‌ನಲ್ಲೂ ಒಂದು ಪ್ರತಿ ಹಾಕಿಡಿ.

ತಿಂಗಳ ಬಾಡಿಗೆ ನಿಲ್ಲಿಸಬೇಡಿ. ಎಂದಿನಂತೆ ಅದೇ ತಾರೀಖಿಗೆ ಹಾಕಿ.

ಸಿಲ್ಕ್‌ಬೋರ್ಡ್_ಹುಡುಗ

ಬಾಡಿಗೆ ಯಾಕೆ ಕೊಡಬೇಕು? ಹತ್ತು ತಿಂಗಳ ಅಡ್ವಾನ್ಸ್ ಅವರ ಹತ್ತಿರ ಇದೆಯಲ್ಲ. ನಾನಾಗಿದ್ದರೆ ಇವತ್ತಿಂದ ಬಾಡಿಗೆ ನಿಲ್ಲಿಸಿ "ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ" ಅಂತಿದ್ದೆ. ಆ ದುಡ್ಡು ವಾಪಸ್ ಬರೋ ಗ್ಯಾರಂಟಿ ಏನು?

ವಕೀಲೆ_ತುಮಕೂರು

ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಅಗ್ರಿಮೆಂಟ್‌ನಲ್ಲಿ ಅವಕಾಶ ಇಲ್ಲದೆ, ಓನರ್ ಬರಹದಲ್ಲಿ ಒಪ್ಪದೆ ಹೀಗೆ ಮಾಡಿದರೆ ಕಾಗದದ ಮೇಲೆ ನೀವು ಬಾಡಿಗೆ ಬಾಕಿ ಇಟ್ಟವರಾಗುತ್ತೀರಿ. ಇವರ ಹತ್ತಿರ ಈಗ ಇರುವ ದೊಡ್ಡ ಬಲವೇ ಒಂದು ತಿಂಗಳೂ ತಪ್ಪದ ಲೆಕ್ಕ. ಅದನ್ನು ಯಾಕೆ ಕೈಯಾರೆ ಕಳೆದುಕೊಳ್ಳಬೇಕು? ಓನರ್ "ಕೊನೆಯ ಎರಡು ತಿಂಗಳು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತೇನೆ" ಅಂತ ಒಂದು ಮೆಸೇಜ್ ಹಾಕಿದರೆ ಧಾರಾಳವಾಗಿ ಮಾಡಿ.

ಕೆಲವು ಓನರ್‌ಗಳು ನೋಟಿಸ್ ಕೊಟ್ಟ ಮೇಲೆ ಬಾಡಿಗೆಯನ್ನೇ ತೆಗೆದುಕೊಳ್ಳುವುದಿಲ್ಲ, ನಂಬರ್ ಬ್ಲಾಕ್ ಮಾಡುತ್ತಾರೆ. ಆಗ ಬ್ಯಾಂಕ್ ಖಾತೆಗೆ ಹಾಕಿ, ಅದೂ ಆಗದಿದ್ದರೆ ಮನಿ ಆರ್ಡರ್ ಕಳಿಸಿ. ನಿರಾಕರಿಸಿ ವಾಪಸ್ ಬಂದ ಚೀಟಿ ನಿಮಗೆ ಸಾಕ್ಷಿ. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ನೋಟಿಸ್ ಆದ ಮೇಲೆ ಬಾಡಿಗೆ ತೆಗೆದುಕೊಂಡರೆ ನೋಟಿಸ್ ರದ್ದಾಯಿತು ಅಂತ. ಬರೀ ಬಾಡಿಗೆ ತೆಗೆದುಕೊಂಡ ಮಾತ್ರಕ್ಕೆ ಹಾಗೆ ಆಗುವುದಿಲ್ಲ. ಬಾಡಿಗೆ ಮುಂದುವರಿಸುವ ಇರಾದೆ ಅವರಿಗೆ ಇತ್ತು ಅಂತ ತೋರಬೇಕು.

ನಿವೃತ್ತ_ಶಿರಸ್ತೇದಾರ

ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮೇಡಂ ಹೇಳಿದ್ದೆಲ್ಲ ಸರಿ. ಮುಂದಿನ ಹಂತದಲ್ಲಿ ಜನ ಎಲ್ಲಿ ಎಡವುತ್ತಾರೆ ಅನ್ನುವುದನ್ನು ಕಣ್ಣಾರೆ ನೋಡಿದ್ದೇನೆ, ಅದನ್ನು ಹೇಳುತ್ತೇನೆ.

ನೋಟಿಸ್‌ಗೆ ಹೆದರಿ ಬೆವರುವ ಜನವೇ ಸಮನ್ಸ್ ಬಂದಾಗ ಉದಾಸೀನ ಮಾಡುತ್ತಾರೆ. ನಿಜವಾಗಿ ಹೆದರಬೇಕಾದದ್ದು ಸಮನ್ಸ್‌ಗೆ. ಅದರ ಮೇಲೆ ಕೋರ್ಟಿನ ಮೊಹರು, ದಾವೆ ನಂಬರು, ಹಾಜರಾಗಬೇಕಾದ ತಾರೀಖು ಇರುತ್ತದೆ. ಬೆಂಗಳೂರಿನಲ್ಲಿ ಇಂಥ ದಾವೆಗಳು ಸಾಮಾನ್ಯವಾಗಿ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ನಡೆಯುತ್ತವೆ. ತೆಗೆದುಕೊಳ್ಳಲ್ಲ ಅಂತ ಬಾಗಿಲು ಹಾಕಿಕೊಂಡರೆ ಬಾಗಿಲಿಗೇ ಅಂಟಿಸಿ ಹೋಗುತ್ತಾರೆ. ತಲುಪಿದೆ ಅಂತ ಕೋರ್ಟ್ ಬರೆದುಕೊಳ್ಳುತ್ತದೆ. ಆ ದಿನ ಯಾರೂ ಹಾಜರಾಗದಿದ್ದರೆ ಏಕಪಕ್ಷೀಯವಾಗಿ ದಾವೆ ನಡೆಯುತ್ತದೆ. ಬಾಡಿಗೆದಾರನ ಪರವಾಗಿ ಮಾತಾಡುವವರೇ ಇರುವುದಿಲ್ಲ. ಡಿಕ್ರಿ ಆಗಿ, ಜಾರಿ ಅರ್ಜಿ ಹಾಕಿ, ಅಮೀನರು ಬಾಗಿಲಿಗೆ ಬಂದಾಗ ಕಣ್ಣೀರು ಹಾಕಿಕೊಂಡು ಓಡಿ ಬಂದವರನ್ನು ಎಷ್ಟು ಜನರನ್ನು ನೋಡಿದ್ದೇನೋ. ಏಕಪಕ್ಷೀಯ ಡಿಕ್ರಿ ತೆಗೆಸಲು ಅರ್ಜಿ ಹಾಕಬಹುದು, ಅದಕ್ಕೆ 30 ದಿನದ ಮಿತಿ ಇದೆ. ಆದರೆ ಸಮನ್ಸ್ ಸರಿಯಾಗಿ ಜಾರಿಯಾಗಿರಲಿಲ್ಲ, ಇಲ್ಲವೇ ಬರದಿರಲು ಬಲವಾದ ಕಾರಣ ಇತ್ತು ಅಂತ ತೋರಿಸಬೇಕು.

ಸಮನ್ಸ್ ಬಂದರೆ ಆ ತಾರೀಖಿಗೆ ಹೋಗಿ. ವಕೀಲರಿಂದ ವಕಾಲತ್ತು ಹಾಕಿಸಿ. ಲಿಖಿತ ಹೇಳಿಕೆ, ಅಂದರೆ ದಾವೆಗೆ ನಿಮ್ಮ ಉತ್ತರ, ಸಲ್ಲಿಸಲು 30 ದಿನ. ಕಾರಣ ಕೊಟ್ಟರೆ ಕೋರ್ಟ್ 90 ದಿನದವರೆಗೆ ಬಿಡಬಹುದು. ಸಮಯ ಮಾತ್ರ ಬೇಕಾಗಿದ್ದರೆ ನ್ಯಾಯಾಧೀಶರ ಮುಂದೆ ಅದನ್ನೇ ನೇರವಾಗಿ ಕೇಳಿ. ಇಂಥ ತಾರೀಖಿಗೆ ಬಿಟ್ಟುಕೊಡುತ್ತೇವೆ ಅಂತ ಅಫಿಡವಿಟ್ (ಪ್ರಮಾಣ ಮಾಡಿ ಬರೆದ ಹೇಳಿಕೆ) ಕೊಟ್ಟರೆ ಸಮಯ ಸಿಕ್ಕಿದ ಉದಾಹರಣೆ ಬಹಳ ಇವೆ. ಮಕ್ಕಳ ಪರೀಕ್ಷೆ, ಮನೆಯಲ್ಲಿ ಕಾಯಿಲೆಯವರು ಇದ್ದಾರೆ ಅನ್ನುವುದನ್ನು ಕೋರ್ಟ್ ಕೇಳಿಸಿಕೊಳ್ಳುತ್ತದೆ. ಕೊಟ್ಟ ಮಾತು ತಪ್ಪಿದರೆ ಮಾತ್ರ ಆಮೇಲೆ ಯಾರೂ ಕೇಳುವುದಿಲ್ಲ.

ಎರಡರಷ್ಟು ಪರಿಹಾರ ಅಂತ ನೋಟಿಸ್‌ನಲ್ಲಿ ಬರೆದಿರುವುದು ಕೇಳಿಕೆ ಅಷ್ಟೇ. ಎಷ್ಟು ಅಂತ ಕೋರ್ಟ್ ತೀರ್ಮಾನ ಮಾಡಬೇಕು. ಆದರೂ ಸುಳ್ಳು ಬೆದರಿಕೆ ಅಂತ ತಳ್ಳಿಹಾಕಬೇಡಿ. ಬಾಡಿಗೆ ಸರಿಯಾಗಿ ಕೊನೆಗೊಂಡ ಮೇಲೂ ವರ್ಷಗಟ್ಟಲೆ ಕೂತರೆ ಆ ಏರಿಯಾದ ಈಗಿನ ಬಾಡಿಗೆ ದರದಲ್ಲಿ ಲೆಕ್ಕ ಹಾಕಿ ಕಟ್ಟಿಸುವುದುಂಟು.

ಲಗ್ಗೆರೆ_ಬಾಡಿಗೆಮನೆ

ಧನ್ಯವಾದ ಸರ್. ನಾವು ವರ್ಷಗಟ್ಟಲೆ ಇರುವವರಲ್ಲ, ಏಪ್ರಿಲ್‌ವರೆಗೆ ಸಮಯ ಸಿಕ್ಕರೆ ಸಾಕು. ಆದರೆ ನಾಳೆ ನಿಜವಾಗಿಯೂ ಬೀಗ ಹಾಕಿದರೆ? ಅಥವಾ ನೀರು, ಕರೆಂಟ್ ತೆಗೆದರೆ? ಮೀಟರ್ ಅವರ ಹೆಸರಲ್ಲಿದೆ.

ವಕೀಲೆ_ತುಮಕೂರು

ಬೆದರಿಕೆ ಗಟ್ಟಿಯಾಗಿದೆ ಅನ್ನಿಸಿದರೆ ಕಾಯಬೇಡಿ. ಕಾನೂನಿನ ಪ್ರಕಾರ ಅಲ್ಲದೆ ನಮ್ಮನ್ನು ಹೊರಹಾಕಬಾರದು ಅಂತ ನೀವೇ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು.

ಬೀಗ ಹಾಕಿಯೇ ಬಿಟ್ಟರೆ ಮೊದಲು 112ಕ್ಕೆ ಫೋನ್ ಮಾಡಿ. ಫೋಟೊ, ವಿಡಿಯೊ ತೆಗೆಯಿರಿ, ಪಕ್ಕದ ಮನೆಯವರನ್ನು ಕರೆಯಿರಿ. ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. "ಇದು ಸಿವಿಲ್ ಮ್ಯಾಟರ್" ಅಂತ ಕೆಲವೊಮ್ಮೆ ವಾಪಸ್ ಕಳಿಸುತ್ತಾರೆ. ಬಾಡಿಗೆ ತಕರಾರು ಸಿವಿಲ್, ಹೌದು. ಆದರೆ ನೀವು ವಾಸ ಇರುವ ಮನೆಗೆ ನುಗ್ಗುವುದು, ಒಳಗೆ ಹೋಗದಂತೆ ಅಡ್ಡಗಟ್ಟುವುದು, ಸಾಮಾನು ಹೊರಗೆಸೆಯುವುದು ಅಪರಾಧ ಆಗಬಹುದು, ದೂರಿನಲ್ಲಿ ಅದನ್ನೇ ಬರೆಯಿರಿ. ಸಿವಿಲ್ ಅನ್ನುವ ಮಾತು ಇನ್ನೊಂದು ಕಡೆಗೂ ಅನ್ವಯಿಸುತ್ತದೆ. ಕೋರ್ಟ್ ಆದೇಶ ಇಲ್ಲದೆ ಪೊಲೀಸರು ಬಂದು ನಿಮ್ಮನ್ನು ಖಾಲಿ ಮಾಡಿಸುವಂತಿಲ್ಲ.

ಬಲವಂತವಾಗಿ ಹೊರಹಾಕಿಬಿಟ್ಟರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಇದೆ. ಹೊರಹಾಕಿದ ದಿನದಿಂದ 6 ತಿಂಗಳೊಳಗೆ ದಾವೆ ಹೂಡಿದರೆ ಸ್ವಾಧೀನ ವಾಪಸ್ ಕೊಡಿಸುತ್ತಾರೆ. ಅಲ್ಲಿ ಮನೆ ಯಾರದ್ದು ಅನ್ನುವ ಪ್ರಶ್ನೆಯೇ ಬರುವುದಿಲ್ಲ. 6 ತಿಂಗಳು ದಾಟಿದರೆ ಈ ದಾರಿ ಮುಚ್ಚುತ್ತದೆ.

ಕರೆಂಟ್ ಬಗ್ಗೆ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವ ಮಾತು ಸಹಾಯಕ್ಕೆ ಬರುತ್ತದೆ. ವಿದ್ಯುತ್ ಮೂಲಭೂತ ಸೌಕರ್ಯ, ಮಾಲೀಕರು ಒಪ್ಪಿಗೆ ಪತ್ರ ಕೊಡಲಿಲ್ಲ ಅನ್ನುವ ಕಾರಣಕ್ಕೆ ಬಾಡಿಗೆದಾರನಿಗೆ ನಿರಾಕರಿಸುವಂತಿಲ್ಲ ಅಂತ. ಬಿಲ್ ನೀವೇ ಕಟ್ಟುತ್ತಿದ್ದರೆ ರಸೀದಿಗಳನ್ನು ಒಂದು ಕಡೆ ಇಡಿ.

ಮಲ್ಲೇಶ್ವರ_ಓನರ್

ಓನರ್‌ಗಳ ಕಡೆಯಿಂದ ಒಂದೆರಡು ಮಾತು ಹೇಳಬಹುದಾ? ನಮ್ಮದು ತಂದೆ ಕಟ್ಟಿಸಿದ ಮನೆ, ಮೇಲಿನ ಮಹಡಿ ಬಾಡಿಗೆಗೆ ಕೊಟ್ಟಿದ್ದೇವೆ. ನಾವು ನೋಟಿಸ್ ಕಳಿಸುವುದು ಹೆಚ್ಚಾಗಿ ಭಯದಿಂದ. ಬಾಡಿಗೆದಾರ ಏಳದೆ ಕೂತರೆ ಕೋರ್ಟಿನಲ್ಲಿ ಎಷ್ಟು ವರ್ಷ ಹೋಗುತ್ತದೋ ಗೊತ್ತಿಲ್ಲ. ಮಗನಿಗೆ ಮದುವೆ ಆಗಿ ಮನೆ ಬೇಕು ಅಂದರೂ ಯಾರೂ ನಂಬುವುದಿಲ್ಲ.

ನನ್ನ ಸಲಹೆ ಇಷ್ಟೇ. ಉತ್ತರ ಕಳಿಸಿದ ದಿನವೇ ಓನರ್ ಮನೆಗೆ ಹೋಗಿ ಕೂತು ಮಾತಾಡಿ. ಜೊತೆಗೆ ಇಬ್ಬರಿಗೂ ಗೊತ್ತಿರುವ ಒಬ್ಬ ಹಿರಿಯರನ್ನು ಕರೆದುಕೊಂಡು ಹೋಗಿ. ಒಂದು ತಾರೀಖು ಹೇಳಿ. "ಸ್ವಲ್ಪ ದಿನ ಬಿಡಿ" ಅಂದರೆ ಓನರ್‌ಗೆ ಭಯ ಜಾಸ್ತಿಯಾಗುತ್ತದೆ. "ಏಪ್ರಿಲ್ 30ಕ್ಕೆ ಕೀ ಕೊಡ್ತೀನಿ, ಬರೆದುಕೊಡ್ತೀನಿ" ಅಂದರೆ ನಾನಾದರೂ ಒಪ್ಪುತ್ತೇನೆ. ಆಷಾಢಕ್ಕೆ ಮುಂಚೆ ಇನ್ನೊಬ್ಬರು ಬಂದು ಹಾಲುಕ್ಕಿಸುವಂತಾದರೆ ಓನರ್‌ಗೂ ಅನುಕೂಲ. ಆಷಾಢದಲ್ಲಿ ಮನೆ ನೋಡಲು ಯಾರೂ ಬರುವುದಿಲ್ಲ ಅಲ್ವಾ.

ನಿವೃತ್ತ_ಶಿರಸ್ತೇದಾರ

ಇದು ಒಳ್ಳೆಯ ಮಾತು. ಆದರೆ ಬರೆದುಕೊಡುವಾಗ ಒಂದೇ ಕಡೆಯಿಂದ ಬರೆದುಕೊಡಬೇಡಿ. ಇಂಥ ದಿನ ಕೀ, ಅದೇ ದಿನ ಇಷ್ಟು ಅಡ್ವಾನ್ಸ್, ಪೇಂಟಿಂಗ್‌ಗೆ ಇಷ್ಟು ಮುರಿದುಕೊಳ್ಳುವುದು, ಅಂತ ಒಂದೇ ಹಾಳೆಯಲ್ಲಿ ಇಬ್ಬರೂ ಸಹಿ ಹಾಕಬೇಕು. ಖಾಲಿ ಹಾಳೆಗೆ, ಖಾಲಿ ಸ್ಟಾಂಪ್ ಪೇಪರ್‌ಗೆ ಸಹಿ ಹಾಕಿಕೊಟ್ಟು ಬಂದವರ ಗತಿ ನೋಡಿದ್ದೇನೆ. ಅದೊಂದು ಮಾಡಬೇಡಿ.

ಭೋಗ್ಯದ_ಮನೆ_ನೆಲಮಂಗಲ

ಇದೇ ವಿಷಯಕ್ಕೆ ನನ್ನದೊಂದು ಪ್ರಶ್ನೆ. ನಮ್ಮದು ಲೀಸ್ ಮನೆ. 9 ಲಕ್ಷ ಕೊಟ್ಟು ಮೂರು ವರ್ಷಕ್ಕೆ ಹಾಕಿಕೊಂಡಿದ್ದೇವೆ, ತಿಂಗಳ ಬಾಡಿಗೆ ಇಲ್ಲ. ಹೋದ ವಾರ ಗೋಡೆಗೆ ಒಂದು ಬ್ಯಾಂಕಿನವರು ನೋಟಿಸ್ ಅಂಟಿಸಿ ಹೋದರು. ಓನರ್ ಸಾಲ ಕಟ್ಟಿಲ್ಲವಂತೆ, ಮನೆ ಹರಾಜು ಹಾಕ್ತಾರಂತೆ. ಓನರ್ ಫೋನ್ ಎತ್ತುತ್ತಿಲ್ಲ. ನಮ್ಮ ಜೀವಮಾನದ ಉಳಿತಾಯ ಅದು.

ವಕೀಲೆ_ತುಮಕೂರು

ನಿಮ್ಮದು ಬೇರೆಯೇ ದಾರಿ, ಇಲ್ಲಿ ಸಮಯ ತುಂಬಾ ಕಡಿಮೆ. ದಯವಿಟ್ಟು ನಾಳೆಯೇ ಒಬ್ಬ ವಕೀಲರನ್ನು ನೋಡಿ.

ಇದು 2002ರ ಸರ್ಫೇಸಿ ಕಾಯ್ದೆಯ, ಅಂದರೆ ಅಡವಿಟ್ಟ ಆಸ್ತಿಯಿಂದ ಬ್ಯಾಂಕು ಸಾಲ ವಸೂಲಿ ಮಾಡುವ ಕಾನೂನಿನ, ಪ್ರಕ್ರಿಯೆ ಇರಬೇಕು. ಬ್ಯಾಂಕು ಮೊದಲು ಸಾಲಗಾರನಿಗೆ 60 ದಿನದ ನೋಟಿಸ್ ಕೊಡುತ್ತದೆ. ಆಮೇಲೆ ಸ್ವಾಧೀನದ ನೋಟಿಸ್ ಗೋಡೆಗೆ ಅಂಟಿಸಿ ಪೇಪರ್‌ನಲ್ಲಿ ಹಾಕಿಸುತ್ತದೆ. ಇಲ್ಲಿ ಬ್ಯಾಂಕು ಸಿವಿಲ್ ದಾವೆ ಹೂಡಬೇಕಿಲ್ಲ. ಮ್ಯಾಜಿಸ್ಟ್ರೇಟರ ಆದೇಶ ಪಡೆದು ಪೊಲೀಸ್ ಸಹಾಯದಲ್ಲೇ ಸ್ವಾಧೀನ ತೆಗೆದುಕೊಳ್ಳಬಹುದು. ಸಿವಿಲ್ ಕೋರ್ಟಿಗೆ ಹೋಗಿ ತಡೆ ತರೋಣ ಅಂದರೆ ಈ ಕಾಯ್ದೆ ಆ ಬಾಗಿಲನ್ನೂ ಮುಚ್ಚಿದೆ. ನೀವು ಹೋಗಬೇಕಾದದ್ದು ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ. ಬೆಂಗಳೂರಿನಲ್ಲೇ ಇದೆ. 2016ರ ತಿದ್ದುಪಡಿಯಿಂದ ಬಾಡಿಗೆದಾರರೂ, ಲೀಸ್‌ನವರೂ ಅಲ್ಲಿ ತಮ್ಮ ಹಕ್ಕು ಹೇಳಿಕೊಳ್ಳಬಹುದು. ಅಲ್ಲಿ ಹಾಕುವ, ಇದೇ ಕಾಯ್ದೆಯ 17ನೇ ಸೆಕ್ಷನ್ ಅರ್ಜಿಗೆ 45 ದಿನದ ಮಿತಿ.

ಅಲ್ಲಿ ಕೇಳುವ ಮೊದಲ ಪ್ರಶ್ನೆ, ಸಾಲ ಮೊದಲೋ ನಿಮ್ಮ ಲೀಸ್ ಮೊದಲೋ. ಎರಡನೆಯದು, ನಿಮ್ಮ ಕರಾರು ರಿಜಿಸ್ಟರ್ ಆಗಿದೆಯೋ ಇಲ್ಲವೋ. ಒಂದು ವರ್ಷಕ್ಕಿಂತ ಜಾಸ್ತಿಯ ಲೀಸ್ ನೋಂದಣಿ ಆಗಲೇಬೇಕು. ಬರೀ ಸ್ಟಾಂಪ್ ಪೇಪರ್ ಮೇಲೆ ನೋಟರಿ ಮಾಡಿಸಿದ ಮೂರು ವರ್ಷದ ಕರಾರು ಅಲ್ಲಿ ಬಹಳ ದುರ್ಬಲ. ಮನೆ ಅಡಮಾನ ಇಟ್ಟ ಮೇಲೆ ಓನರ್ ಮುಂಗಡವಾಗಿ ದೊಡ್ಡ ಮೊತ್ತ ತೆಗೆದುಕೊಂಡು ಲೀಸ್ ಕೊಟ್ಟಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 65ಎ ಸೆಕ್ಷನ್ ಕೂಡ ನಿಮಗೆ ಅಡ್ಡ ಬರುತ್ತದೆ. ನಿಮಗೆ ಸುಳ್ಳು ಧೈರ್ಯ ಹೇಳಲು ನನಗೆ ಮನಸ್ಸಿಲ್ಲ. ಮನೆ ಉಳಿಸಿಕೊಳ್ಳುವುದು ಕಷ್ಟ ಆಗಬಹುದು. ಆದರೆ 9 ಲಕ್ಷ ಓನರ್ ನಿಮಗೆ ಕೊಡಬೇಕಾದ ಸಾಲ. ಅದಕ್ಕೆ ಸಿವಿಲ್ ದಾವೆ ಹೂಡಬಹುದು. ಅವರ ಬೇರೆ ಆಸ್ತಿ ಗೊತ್ತಿದ್ದರೆ ತೀರ್ಪಿಗೆ ಮುಂಚೆಯೇ ಜಪ್ತಿ ಕೇಳಬಹುದು. ಸಾಲ ಇರುವುದನ್ನು ಮುಚ್ಚಿಟ್ಟು ದುಡ್ಡು ತೆಗೆದುಕೊಂಡಿದ್ದರೆ ವಂಚನೆ ಅಂತ ಪೊಲೀಸ್ ದೂರು ಕೊಡಬಹುದು.

ಲೀಸ್‌ಗೆ ಮನೆ ನೋಡುತ್ತಿರುವ ಉಳಿದವರು ಕೇಳಿ. ದುಡ್ಡು ಕೊಡುವ ಮುಂಚೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ) ತೆಗೆಸಿ ನೋಡಿ. ಕ್ರಯಪತ್ರದ ಮೂಲ ಪ್ರತಿ ತೋರಿಸಿ ಅಂತ ಓನರ್‌ಗೆ ಹೇಳಿ. ಬರೀ ಜೆರಾಕ್ಸ್ ತೋರಿಸಿದರೆ ಮೂಲ ಪತ್ರ ಬ್ಯಾಂಕಿನ ಲಾಕರ್‌ನಲ್ಲಿರಬಹುದು.

ಹುಬ್ಬಳ್ಳಿ_ಟೇಲರ್_ಅಂಗಡಿ

ನಮಸ್ಕಾರ ರೀ. ನಮ್ಮದು ಅಂಗಡಿ, ಹತ್ತಡಿ ಹನ್ನೆರಡಡಿ. ತಂದೆಯವರ ಕಾಲದಿಂದ ಇದ್ದೇವೆ, ಬಾಡಿಗೆ ಈಗಲೂ 900. ತಂದೆ ತೀರಿಕೊಂಡು ಎರಡು ವರ್ಷ ಆಯಿತು. ಈಗ ಮಾಲೀಕರ ಮಕ್ಕಳು ನೋಟಿಸ್ ಕೊಟ್ಟಿದ್ದಾರೆ. 12 ವರ್ಷ ದಾಟಿದರೆ ಜಾಗ ನಮ್ಮದೇ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಿಜವೇನ್ರಿ?

ವಕೀಲೆ_ತುಮಕೂರು

ಅದು ಸುಳ್ಳು. ಬಾಡಿಗೆ ಕೊಟ್ಟುಕೊಂಡು ಇರುವವರು ಮಾಲೀಕರ ಒಪ್ಪಿಗೆಯಿಂದ ಇರುವವರು. ಎಷ್ಟು ವರ್ಷ ಇದ್ದರೂ ಜಾಗ ನಿಮ್ಮದಾಗುವುದಿಲ್ಲ. ಕೋರ್ಟಿನಲ್ಲಿ ಈ ಮಾತು ಎತ್ತಿದರೆ ನಿಮ್ಮ ಕೇಸೇ ಕೆಡುತ್ತದೆ.

ಆದರೆ ನಿಮಗೆ ಬೇರೆ ರಕ್ಷಣೆ ಇರಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ, 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ಲಗ್ಗೆರೆಯವರಿಗೆ ನಾನು ಈ ಕಾಯ್ದೆ ಹೇಳದೆ ಇದ್ದದ್ದು ಅದಕ್ಕೇ. ಅಂಗಡಿಗಳಾದರೆ 14 ಚದರ ಮೀಟರ್ ಒಳಗಿರಬೇಕು, ಅಂದರೆ ಸುಮಾರು 150 ಚದರಡಿ. ನಿಮ್ಮದು 120, ಬಾಡಿಗೆ 900. ಎರಡೂ ಮಿತಿಯೊಳಗಿವೆ. ಹಾಗಿದ್ದರೆ ಬರೀ 15 ದಿನದ ನೋಟಿಸ್ ಸಾಲದು. ಬಾಡಿಗೆ ಬಾಕಿ, ಒಪ್ಪಿಗೆ ಇಲ್ಲದೆ ಒಳಬಾಡಿಗೆ, ಸ್ವಂತಕ್ಕೆ ಬೇಕು, ಇಂಥ 27ನೇ ಸೆಕ್ಷನ್‌ನ ಕಾರಣಗಳಲ್ಲಿ ಒಂದನ್ನು ಅವರು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಬಾಕಿ ಕೇಳಿ ನೋಟಿಸ್ ಬಂದಿದ್ದರೆ ಎರಡು ತಿಂಗಳೊಳಗೆ ಕಟ್ಟಿಬಿಡಿ.

ಒಂದು ಎಚ್ಚರಿಕೆ. ಇದೇ ಕಾಯ್ದೆಯಲ್ಲಿ ಬಾಡಿಗೆದಾರ ತೀರಿಕೊಂಡರೆ ವಾರಸುದಾರರಿಗೆ ಆ ಹಕ್ಕು ಸಾವಿನ ದಿನದಿಂದ 5 ವರ್ಷದವರೆಗೆ ಮಾತ್ರ. ಅದೂ ತಂದೆಯ ಜೊತೆ ಅಲ್ಲೇ ವ್ಯಾಪಾರ ಮಾಡುತ್ತಿದ್ದವರಿಗೆ. ತಂದೆಯ ಜೊತೆ ನೀವೂ ಹೊಲಿಯುತ್ತಿದ್ದಿರಿ ಅನ್ನುವುದಕ್ಕೆ ಲೈಸೆನ್ಸ್, ಬಿಲ್ ಪುಸ್ತಕ, ಹಳೇ ಗಿರಾಕಿಗಳು, ಏನಿದೆಯೋ ಈಗಲೇ ಕೂಡಿಸಿಡಿ.

ಹುಬ್ಬಳ್ಳಿ_ಟೇಲರ್_ಅಂಗಡಿ

ಬಿಲ್ ಪುಸ್ತಕದಲ್ಲಿ ನನ್ನ ಕೈಬರಹವೇ ಇದೆ ರೀ. ವಕೀಲರ ಫೀಸು ಕೊಡುವ ಶಕ್ತಿ ಮಾತ್ರ ಇಲ್ಲ.

ನಿವೃತ್ತ_ಶಿರಸ್ತೇದಾರ

ಅದಕ್ಕೆ ಉಚಿತ ಕಾನೂನು ನೆರವು ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಅರ್ಹರು. ಉಳಿದವರಿಗೆ ಆದಾಯದ ಮಿತಿ ಇದೆ. ನಿಮಗೆ ಆದಾಯ ಪ್ರಮಾಣಪತ್ರ ಬೇಕಾಗಬಹುದು, ನಾಡಕಚೇರಿಯಲ್ಲಿ ಮಾಡಿಸಿ. ಧಾರವಾಡದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ, ಇಲ್ಲವೇ ಹುಬ್ಬಳ್ಳಿ ಕೋರ್ಟ್ ಆವರಣದಲ್ಲೇ ತಾಲ್ಲೂಕು ಸಮಿತಿಯ ಕಚೇರಿ ಯಾವುದು ಅಂತ ಕೇಳಿ. 15100 ಸಹಾಯವಾಣಿಗೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಲಗ್ಗೆರೆಯವರೇ, ನಿಮ್ಮ ಮನೆಯ ಹೆಂಗಸರ ಹೆಸರಲ್ಲಿ ಅಗ್ರಿಮೆಂಟ್ ಇದ್ದರೆ ಅವರೇ ಈ ನೆರವು ಕೇಳಬಹುದು. ಬೆಂಗಳೂರಿನಲ್ಲಿ ಇದಕ್ಕೆ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡಕ್ಕೆ ಹೋಗಿ. ರಾಜಿ ಮಾಡಿಸುವ ಮಧ್ಯಸ್ಥಿಕೆ ಕೇಂದ್ರವೂ ಅಲ್ಲೇ ಇದೆ.

ಹೋಗುವಾಗ ನೋಟಿಸ್, ಅದರ ಕವರ್, ಬಾಡಿಗೆ ಚೀಟಿ, ತಂದೆಯವರ ಮರಣ ಪ್ರಮಾಣಪತ್ರ, ಬಿಲ್ ಪುಸ್ತಕ, ಆಧಾರ್ ತೆಗೆದುಕೊಂಡು ಹೋಗಿ. ಮೂಲ ಕಾಗದ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ.